ಬಿದ್ದದ್ದು ನಾನಲ್ಲ, ತುರುಪು

ನನ್ನ ಮಣಿಕಟ್ಟನ್ನು ಅಲಂಕರಿಸಿರುವ, ನಾನು ಬಿದ್ದೊಡನೆ ಆಂಬುಲೆನ್ಸ್ ಕರೆಯಲೆಂದೇ ಅವತರಿಸಿರುವ ಘನತೆವೆತ್ತ ಕೈಪಟ್ಟಿಯವರಿಗೆ, ಮಿಷಿಗನ್ನಿನ ಲವಾನ್ ಡೈಕ್‌ಸ್ಟ್ರಾ ಎಂಬ ಮುದುಕಿಯ ಒಂದೇ ಕೈಯ ನಮಸ್ಕಾರಗಳು; ಇನ್ನೊಂದು ಕೈ ಅಲುಗಿಸಲು ತಮ್ಮದೇ ಭಯ.

ಮಾನ್ಯರೇ, ಗಂಡ ತೀರಿದ ಮೇಲೆ ನನ್ನ ಕೈ ಹಿಡಿದವರು ತಾವೊಬ್ಬರೇ. ತಮ್ಮನ್ನು ಧರಿಸಿದರೆ ವಿಮೆಯ ಕಂತು ಇಳಿಯುತ್ತದೆಂದು ನಂಬಿದೆ, ಕಂತೂ ಇಳಿಯಿತು. ಇನ್ನು ರಾತ್ರಿ ಕಳೆಯುವುದರೊಳಗೆ ಚಾರ್ಜ್ ಆಗಿ ಏಳುವ ಭಾಗ್ಯ ನಮ್ಮಿಬ್ಬರಲ್ಲಿ ತಮಗೆ ಮಾತ್ರ ಇದೆ ಎಂಬುದಕ್ಕೂ ನನಗೆ ಹೊಟ್ಟೆಕಿಚ್ಚಿಲ್ಲ.

ಆದರೆ ಗುರುವಾರಗಳಂದು ಹಿರಿಯರ ಭವನದಲ್ಲಿ ನಾವು ಯೂಕರ್ ಆಡುತ್ತೇವೆ. ಈ ಇಸ್ಪೀಟಾಟದಲ್ಲಿ ತುರುಪಿನ ಗುಲಾಮ ರಾಜನಿಗಿಂತ ದೊಡ್ಡವನು. ಅವನನ್ನು ಮೇಜು ಅದುರುವಂತೆ ಗುದ್ದಿ ಹಾಕದಿದ್ದರೆ ಗೆದ್ದೂ ಸೋತಂತೆ. ನಾನು ಗುದ್ದಿದೆ, ತಾವು ‘ಬಿದ್ದಳು’ ಎಂದು ಊರಿಗೆಲ್ಲ ಸಾರಿದಿರಿ. ಸುಳ್ಳೇನಲ್ಲ: ಎಲೆ ಬಿತ್ತು, ಎದುರಾಳಿಗಳ ಮುಖ ಬಿತ್ತು, ಕಂತಿನ ಉಳಿತಾಯವನ್ನೆಲ್ಲ ನುಂಗುವ ಆಂಬುಲೆನ್ಸಿನ ಬಿಲ್ಲು ನನ್ನ ತಲೆಗೇ ಬಿತ್ತು. ಬೀಳದೆ ಉಳಿದವಳು ನಾನೊಬ್ಬಳೇ. ಮರುವಾರವೂ ಸ್ಟ್ರೆಚರ್ ಹಿಡಿದು ಬಂದಾಕೆ, “ಏನಜ್ಜಿ, ಇವತ್ತೂ ನೀವೇ ಗೆದ್ರಾ?” ಎಂದಳು.

ಭವನದ ಮೇಲ್ವಿಚಾರಕಿ ಮಾರ್ಜೊರಿಗೆ ಮಾತ್ರ ನಗು ಬರಲಿಲ್ಲ. “ಇನ್ನೊಂದ್ಸಲ ಸೈರನ್ ಕೇಳ್ಸಿದ್ರೆ ಇಸ್ಪೀಟ್ ಬಂದ್! ಎಲ್ರೂ ಕೂತ್ಕೊಂಡು ಸ್ವೆಟರ್ ಹೆಣೀರಿ” ಎಂದುಬಿಟ್ಟಳು. ಡಾಕ್ಟರ ಕೋಣೆಯ ನರ್ಸನ್ನು ಬಿಟ್ಟರೆ ಈಗ ನನ್ನ ಹೆಸರು ಹಿಡಿದು ಕೂಗುವವರು ಆ ಮೇಜಿನವರು ಮಾತ್ರ. ಅದನ್ನು ಕಳೆದುಕೊಳ್ಳಲಾರದೆ ಗುಲಾಮನನ್ನು ಹಸುಗೂಸಿನಂತೆ ಮೆಲ್ಲಗೆ ಇಳಿಸತೊಡಗಿದೆ. “ಏನೇ, ಅವನಿಗೆ ಲಾಲಿ ಹಾಡ್ತಿದೀಯಾ?” ಎಂದು ಆಟದಲ್ಲಿ ನನ್ನ ಜೊತೆಗಾರನಾದ ಆರ್ವಿಲ್ ಹಂಗಿಸಿದ.

ಹಂಗಿಸಿದ ಆರ್ವಿಲ್ಲನೇ ಕಳೆದ ಗುರುವಾರ ಕುರ್ಚಿಯಲ್ಲಿ ಮೆತ್ತಗೆ ಜಾರಿ ಮೂರ್ಛೆ ಹೋದ. ಅವನ ಮಣಿಕಟ್ಟಿನಲ್ಲಿದ್ದ ತಮ್ಮ ಸಹೋದರರು ತುಟಿಪಿಟಕ್ಕೆನ್ನಲಿಲ್ಲ. ಮರ್ಯಾದೆಯಾಗಿ ಬೀಳುವವರು ತಮ್ಮ ವಂಶದ ಲೆಕ್ಕಕ್ಕಿಲ್ಲವೇನೋ. ಉಳಿದವರು ಫೋನಿಗಾಗಿ ಕನ್ನಡಕವನ್ನೂ ಕನ್ನಡಕಕ್ಕಾಗಿ ಕೈಚೀಲವನ್ನೂ ಹುಡುಕುತ್ತಿರುವಾಗ ನಾನು ಗುಲಾಮನನ್ನೆತ್ತಿ, ಇದೇ ಕೊನೆಯ ಆಟವಾದರೆ ಆಗಲಿ ಎಂದು ಮೇಜಿಗೆ ಗುದ್ದಿದೆ. ತಾವು ಕೂಗಿದಿರಿ, ಆಂಬುಲೆನ್ಸಿನವರು ಬಂದರು, ಆರ್ವಿಲ್ ಬದುಕಿದ. “ಹೋಗ್ಲಿ, ಈ ಸೈರನ್ ಲೆಕ್ಕಕ್ಕಿಲ್ಲ” ಎಂದು ಮಾರ್ಜೊರಿ ಮೂಗೊರೆಸಿಕೊಂಡಳು.

ಆದ್ದರಿಂದ ತಾವು ದಯಮಾಡಿ ಯೂಕರ್ ಕಲಿಯಬೇಕು. ಆಗದಿದ್ದರೆ, ನಾನು ಗೆದ್ದಾಗ ಆಂಬುಲೆನ್ಸಿನ ಬದಲು ಚಪ್ಪಾಳೆ ತಟ್ಟುವವರನ್ನು ಕಳುಹಿಸಬೇಕು.

ತಾವು ಕೈ ಹಿಡಿದ, ಇನ್ನೂ ಕೈಬಿಡದ ವಿಶ್ವಾಸಿ,
ಲವಾನ್ ಡೈಕ್‌ಸ್ಟ್ರಾ

ತಾ.ಕ.: ಆರ್ವಿಲ್ಲನನ್ನು ಹೊತ್ತೊಯ್ದ ಮೇಲೆ ಅವನ ಎಲೆಗಳನ್ನು ತಿರುವಿ ನೋಡಿದೆವು. ಆ ಆಟಕ್ಕೆ ತುರುಪು ಯಾವುದೆಂದು ಕೂಗಿ ಗೆಲ್ಲುವ ಪಣ ಹೊತ್ತವನು ಅವನೇ, ಕೈಯಲ್ಲಿ ಒಂದೇ ಒಂದು ತುರುಪಿರಲಿಲ್ಲ. ಮೂರ್ಛೆಯ ಕಾರಣ ಡಾಕ್ಟರಿಗಿನ್ನೂ ತಿಳಿದಿಲ್ಲವಂತೆ. ತಾವೂ ಹೇಳಬೇಡಿ, ಬಾಯಿ ಮುಚ್ಚಿಕೊಂಡಿರುವುದು ಹೇಗೆಂದು ತಮ್ಮ ಸಹೋದರರು ಹೇಳಿಕೊಡುತ್ತಾರೆ.