ಉಸಿರು ಬಿಡುವಾಗ ಬಿಡಬಾರದ ವಿಷಯಗಳ ಬಗ್ಗೆ

ಸಂಖ್ಯೆ: ಮೂಗು/ಒಳ-ಹೊರ/ಹೊನ್ನವಳ್ಳಿ/೦೭

ವಿಷಯ: ಯೋಗಾಭ್ಯಾಸದಲ್ಲಿ ಗಮನವಿಟ್ಟು ಉಸಿರಾಡುವ ಕುರಿತು ಸ್ಪಷ್ಟೀಕರಣ.

ಉಲ್ಲೇಖ: ಕಳೆದ ಸೋಮವಾರ ಕಚೇರಿ ಹಿಂದಿನ ತೆಂಗಿನ ಮರದಡಿ ಕೇಳಿಬಂದ ಶಬ್ದ.

ಯೋಗ ದಿನದ ಪೂರ್ವಸಿದ್ಧತೆಗಾಗಿ ಈ ಕಚೇರಿಯ ಸಿಬ್ಬಂದಿಗೆ ಪ್ರತಿದಿನ ಬೆಳಿಗ್ಗೆ ಉಸಿರಾಟದ ಅಭ್ಯಾಸವನ್ನು ಏರ್ಪಡಿಸಲಾಗಿರುತ್ತದೆ. ಸೋಮವಾರ ಎಲ್ಲರೂ ಶವಾಸನದಲ್ಲಿದ್ದಾಗ ಬೋರ್‌ವೆಲ್ ಮೋಟಾರು ಚಾಲೂ ಆದಂತಹ ಶಬ್ದ ಕೇಳಿಬಂದು, ಗುಮಾಸ್ತ ತಿಮ್ಮೇಶ್ ಅವರು "ತ್ರೀಫೇಸ್ ಕರೆಂಟು ಬಂತು ಕಣ್ರಲಾ!" ಎಂದು ಕೂಗಿದ ಮೇರೆಗೆ ಸಮಸ್ತ ಸಿಬ್ಬಂದಿಯೂ ತಂತಮ್ಮ ತೋಟಗಳಿಗೆ ನೀರು ಬಿಡಲು ಓಡಿರುತ್ತಾರೆ. ಒಬ್ಬರು ಬಸ್ಸು ಹತ್ತಿ ಹುಳಿಯಾರಿನವರೆಗೂ ಹೋಗಿರುತ್ತಾರೆ. ಕರೆಂಟು ಎಲ್ಲಿಯೂ ಬಂದಿರುವುದಿಲ್ಲ.

ಸದರಿ ಶಬ್ದವು ಅಧಿಕಾರಿಯೊಬ್ಬರ ಗೊರಕೆಯಾಗಿದ್ದು, ಇದನ್ನು ಕಣ್ಣಾರೆ ಕಂಡ ಅಟೆಂಡರ್ ಕೆಂಚಮ್ಮನವರಿಗೆ ಯಾರ ಬಳಿಯೂ ಉಸಿರು ಬಿಡಬಾರದೆಂದು ಮೌಖಿಕವಾಗಿ ಆದೇಶಿಸಲಾಗಿತ್ತು. ಆದರೆ ಮಾರನೆಯ ದಿನ ಯೋಗ ಶಿಕ್ಷಕಿ ಸೌಂದರ್ಯ ಅವರು "ಒಳಗಿರೋದನ್ನೆಲ್ಲಾ ಹೊರಗೆ ಹಾಕಿ, ನಿಧಾನವಾಗಿ ಉಸಿರು ಬಿಡಿ" ಎಂದ ಕೂಡಲೇ ಕೆಂಚಮ್ಮನವರು ಎಲ್ಲರೆದುರು ಗುಟ್ಟನ್ನೇ ಹೊರಗೆ ಬಿಟ್ಟಿರುತ್ತಾರೆ. ಕಾರಣ ಕೇಳಲಾಗಿ, "ನೆನ್ನೆ ಬುಡಬ್ಯಾಡ ಅಂದ್ರಿ, ಹಿಡ್ಕಂಡಿದ್ದೆ. ಇವತ್ತು ಬುಡಿ ಅಂದ್ರು, ಬುಟ್ಟೆ. ನಂದೇನ್ ತಪ್ಪು ಸಾ?" ಎಂದು ವಿವರಣೆ ನೀಡಿರುತ್ತಾರೆ. ಸದರಿ ವಿವರಣೆಯನ್ನು ಕಡತಕ್ಕೆ ಸೇರಿಸಿ ಕಟ್ಟಿಡಲಾಗಿದೆ.

ಯೋಗ ದಿನಕ್ಕೆ ತುಮಕೂರಿನಿಂದ ಮೇಲಧಿಕಾರಿಗಳು ಬರಲಿದ್ದು, ಅಂದು ಇದು ಮರುಕಳಿಸಿದಲ್ಲಿ ಸಿಬ್ಬಂದಿಯ ತೋಟದ ಕೊಬ್ಬರಿಗಿಂತ ಮೊದಲು ಕಚೇರಿಯ ಮಾನ ಹರಾಜಾಗುವುದರಿಂದ ಈ ಮೂಲಕ ಸೂಚಿಸಲಾಗಿದೆ:

೧. ‘ಉಸಿರು ಬಿಡಿ’ ಎಂಬಲ್ಲಿ ಉಸಿರು ಎಂದರೆ ಗಾಳಿ ಮಾತ್ರ. ಸುದ್ದಿ, ಗುಟ್ಟು ಹಾಗೂ ಪಕ್ಕದ ಮನೆಯ ಸಂಬಂಧ ಮುರಿದುಬಿದ್ದ ವಿಚಾರಗಳು ಇದರಲ್ಲಿ ಸೇರಿರುವುದಿಲ್ಲ.

೨. ಹೊಟ್ಟೆಯಲ್ಲಿ ಗುಟ್ಟು ಇರುವ ಸಿಬ್ಬಂದಿ ಮೂಗಿನಿಂದಲೇ ಉಸಿರು ಬಿಡತಕ್ಕದ್ದು. ಅದರಂತೆ, ನೆಗಡಿಯಾದವರಿಗೆ ಗುಟ್ಟು ಹೇಳುವುದನ್ನು ನಿಷೇಧಿಸಲಾಗಿದೆ.

೩. ಉಸಿರು ಹಿಡಿಸಿದ ಶಿಕ್ಷಕಿಯವರು ಬಿಡಿಸಲು ಮರೆತಲ್ಲಿ, ಲಿಖಿತ ಆದೇಶಕ್ಕೆ ಕಾಯದೆ ಬಿಟ್ಟುಕೊಳ್ಳಬಹುದು. ಬದುಕಿದವರು ಘಟನೋತ್ತರ ಮಂಜೂರಾತಿ ಪಡೆಯತಕ್ಕದ್ದು.

೪. ಶಬ್ದ ಕೇಳಿದೊಡನೆ ತೋಟಕ್ಕೆ ಓಡತಕ್ಕದ್ದಲ್ಲ. ಮೋಟಾರು ನಡುನಡುವೆ ಮಗ್ಗುಲು ಬದಲಿಸುವುದಿಲ್ಲ ಎಂಬುದನ್ನು ಗಮನಿಸುವುದು.

೫. ಯೋಗ ದಿನದಂದು ಕೆಂಚಮ್ಮನವರು ಸದರಿ ಅಧಿಕಾರಿಯ ಪಕ್ಕದಲ್ಲೇ ಕುಳಿತು, ಶಬ್ದ ಆರಂಭವಾದ ಕೂಡಲೇ "ಕರೆಂಟಲ್ಲ ಕಣ್ರಪ್ಪಾ, ಸಾಹೇಬ್ರು" ಎಂದು ಗಟ್ಟಿಯಾಗಿ ಘೋಷಿಸತಕ್ಕದ್ದು. ಅಧಿಕಾರಿಯ ಹೆಸರನ್ನು ಮಾತ್ರ ಯಾವ ಕಾರಣಕ್ಕೂ ಬಹಿರಂಗಪಡಿಸತಕ್ಕದ್ದಲ್ಲ.

ಸಹಿ/-
(ಶ್ರೀರಂಗಯ್ಯ)
ಈ ಕಚೇರಿಯ ಏಕೈಕ ಅಧಿಕಾರಿ

ಪ್ರತಿಗಳು:

೧. ಯೋಗ ಶಿಕ್ಷಕಿಯವರಿಗೆ, ‘ಬಿಡಿ’ ಪದವನ್ನು ಮಿತವಾಗಿ ಬಳಸಲು.

೨. ಲೈನ್‌ಮನ್ ಆಂಜನಪ್ಪನವರಿಗೆ, ಸೋಮವಾರ ಅವರನ್ನು ಬೈದದ್ದನ್ನು ಹಿಂಪಡೆಯಲಾಗಿದೆ ಎಂಬ ಮಾಹಿತಿಗಾಗಿ. ಅದಕ್ಕೂ ಹಿಂದಿನ ಬೈಗುಳಗಳು ಜಾರಿಯಲ್ಲಿರುತ್ತವೆ.

೩. ಶ್ರೀಮತಿ ರಂಗಮ್ಮ ಶ್ರೀರಂಗಯ್ಯ, ನಮ್ಮ ಮನೆ, ಇವರಿಗೆ: ಮದುವೆಯಾದಂದಿನಿಂದ ಎಲ್ಲಿಯೂ ಉಸಿರು ಬಿಡದೆ ಸಹಿಸಿಕೊಂಡಿದ್ದಕ್ಕಾಗಿ ಕೃತಜ್ಞತೆಯೊಂದಿಗೆ.