ಇಂಜೆಕ್ಷನ್ ಇಲ್ಲದ ಸೋಮವಾರ

ಛತ್ರಪತಿ ಸಂಭಾಜಿನಗರದಲ್ಲಿ ಎರಡು ದಿನದ ಪರ್ಯಾಯ ಚಿಕಿತ್ಸಾ ಶಿಬಿರ ಮುಗಿಸಿ ನಾಸಿಕಕ್ಕೆ ಮರಳಿದ ಡಾಕ್ಟರ್ ಮಲ್ಲಿನಾಥರು ಚಪ್ಪಲಿ ಕಳಚುವ ಮೊದಲೇ ಘೋಷಿಸಿದರು: "ಲತಾ, ಸೋಮವಾರದಿಂದ ನನ್ನ ದವಾಖಾನ್ಯಾಗ ಸೂಜಿ ಬಂದ್. ಬರೇ ಕಷಾಯ, ಆಸನ, ಪಥ್ಯ!"

ದವಾಖಾನೆಯಲ್ಲಿ ನಂಬರು ಚೀಟಿ ಕೊಡುವವರು ಹೆಂಡತಿ ಲತಾ. "ಮಂದಿ ಒಪ್ಪಬೇಕಲ್ರಿ? ಎದುರಿಗೇ ಮಂದಾಕಿನಿ ಡಾಕ್ಟರ್ ಅದಾರ."

"ಆಕಿ ಓದಿದ್ದೇ ಆಯುರ್ವೇದ. ಅಲ್ಲೂ ಕಷಾಯನ. ಮಂದಿ ಎಲ್ಲಿ ಹೋಗ್ತಾರ?"

ಹದಿನೆಂಟು ವರ್ಷ ಬೆವರು ಸುರಿಸಿ ಕಟ್ಟಿದ ಪ್ರ್ಯಾಕ್ಟೀಸು ಹೀಗೆ ಒಂದೇ ಮಾತಿನಲ್ಲಿ ಪಣಕ್ಕೆ ಬಿತ್ತು.

ಸೋಮವಾರ ಮೊದಲ ನಂಬರು ಸಾತಪುರದ ಕಾರ್ಖಾನೆಯ ಧರ್ಮಣ್ಣನದು. ಬೀದರಿನವನು, ಸೊಂಟನೋವು. ಡಾಕ್ಟರು ನಾಡಿ ಹಿಡಿದರು, ನಾಲಿಗೆ ನೋಡಿದರು, ಊಟ, ನಿದ್ದೆ, ಚಿಂತೆಗಳನ್ನೆಲ್ಲ ವಿಚಾರಿಸಿದರು. ಮುಕ್ಕಾಲು ತಾಸು ಹಿಡಿಯಿತು. ಹೊರಗಿನವರು ಬಾಗಿಲು ಬಡಿದು ಬಡಿದು, ಬೇಸತ್ತು ಎದ್ದು ಹೋದರು. ಕೊನೆಗೆ ಡಾಕ್ಟರು ಶುಂಠಿ-ಅಜವಾನದ ಕಷಾಯ ಬರೆದರು.

ಧರ್ಮಣ್ಣ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದ. "ಇದನ್ನ ನಮ್ಮವ್ವ ನಿನ್ನೇನೇ ಕುಡಿಸ್ಯಾಳ್ರಿ. ಕಂಪನಿ ಸಾಹೇಬರು 'ಔಷಧ ಕಾಯ್ ಘೇತಲಂ', ಏನ್ ಔಷಧ ತಗೊಂಡಿ ಅಂತ ಕೇಳಿದ್ರ ಅಜವಾನ ಅಂತ ಹೇಳಲೇನ್ರಿ? ರಜಾ ಯಾರು ಕೊಡ್ತಾರ?"

"ಹಂಗಾದ್ರ ಆಸನ ಮಾಡು, ತೋರಿಸ್ತೀನಿ," ಎಂದ ಡಾಕ್ಟರು ಚಾದರ ಹಾಸಿ ಬೋರಲು ಮಲಗಿದರು. ಶಿಬಿರದಲ್ಲಿ ಇದನ್ನು ಪರದೆಯ ಮೇಲೆ ಮಾತ್ರ ನೋಡಿದ್ದರು. ಎದೆ ಎತ್ತಿದರು, ಕತ್ತು ಎತ್ತಿದರು, ನಾಗರಹಾವಿನಂತೆ ಹೆಡೆಯೆತ್ತಿ ನಿಂತರು. ಸೊಂಟದಲ್ಲಿ ಏನೋ ಕಳಕ್ಕೆಂದಿತು. ಎತ್ತಿದ ಹೆಡೆ ಇಳಿಯಲೇ ಇಲ್ಲ!

"ಎಷ್ಟೊತ್ತು ಹಿಂಗ ಇರಬೇಕ್ರಿ?" ಧರ್ಮಣ್ಣ ಭಕ್ತಿಯಿಂದ ಕೇಳಿದ.

"ಲತಾನ್ನ ಕರಿ," ಎಂದರು ಡಾಕ್ಟರು ಹಲ್ಲು ಕಚ್ಚಿಕೊಂಡು.

ಲತಾ, ಧರ್ಮಣ್ಣ ಇಬ್ಬರೂ ರೆಟ್ಟೆ ಹಿಡಿದು ರಸ್ತೆ ದಾಟಿಸಿ ಮಂದಾಕಿನಿ ಡಾಕ್ಟರ ದವಾಖಾನೆಗೆ ಕರೆತಂದರು. ಆಯುರ್ವೇದದವರು ಎಣ್ಣೆ ಹಚ್ಚಿ ತಿಕ್ಕುತ್ತಾರೆಂದು ಡಾಕ್ಟರು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಒಳಗೆ ಬೆಂಚುಗಳ ತುಂಬ ತಮ್ಮದೇ ಪೇಷಂಟುಗಳು! ಎಲ್ಲರೂ ಎದ್ದು ನಮಸ್ಕರಿಸಿದರು. ಸೊಂಟಕ್ಕಿಂತ ಆ ನಮಸ್ಕಾರ ಹೆಚ್ಚು ನೋಯಿತು.

ಮಂದಾಕಿನಿ ಡಾಕ್ಟರು ಆಗಲೇ ಸಿರಿಂಜಿಗೆ ಔಷಧ ಎಳೆದುಕೊಳ್ಳುತ್ತಿದ್ದರು.

"ನಿಮ್ಮದು ಆಯುರ್ವೇದ ಅಲ್ಲೇನ್ರಿ? ಕಷಾಯ ಕೊಡೂದಿಲ್ಲೇನು?" ಎಂದರು ಮಲ್ಲಿನಾಥರು.

"ಮೊದಲನೇ ವರ್ಷ ಕೊಟ್ಟೆರಿ," ಎಂದರು ಆಕೆ. "ಅವಾಗ ನನ್ನ ಪೇಷಂಟೆಲ್ಲ ನಿಮ್ಮ ಕಡೆ ಬಂದಿದ್ರು. ಬೆಲ್ಟ್ ಸಡಿಲ ಮಾಡ್ರಿ."

ಮಲ್ಲಿನಾಥರು ಬೆಲ್ಟಿಗೆ ಕೈ ಹಾಕಿದರು. ಬಾಗಿಲಲ್ಲಿ ನಿಂತಿದ್ದ ಧರ್ಮಣ್ಣ ಹೇಳಿದ: "ಮೇಡಂ, ನನಗೂ ಅದನ್ನೇ ಚುಚ್ಚರಿ. ಚೀಟಿಯಾಗ ನಮ್ಮ ಡಾಕ್ಟರೂ ಇದನ್ನೇ ತಗೊಂಡಾರ ಅಂತ ಬರೀರಿ. ಸಾಹೇಬರು ಕೂಡಲೇ ರಜಾ ಕೊಡ್ತಾರ."