ಮಿರ್ಕಾಬ್ ಕಚೇರಿಯ ಗಣಕಯಂತ್ರಕ್ಕೆ ತಗುಲಿದ ಲಂಡನ್ ಬೇಸಿಗೆ

ವೇಳಾಪಾಲನಾ ವಿಭಾಗ, ಮಿರ್ಕಾಬ್, ಕುವೈತ್
ಸಂಖ್ಯೆ: ವೇಪಾ/ಗಯಂ/ಹೆಚ್ಚುವರಿ ಗಂಟೆ/೮೩
ದಿನಾಂಕ: ೧೮ ಜುಲೈ ೧೯೮೩, ಬೆಳಿಗ್ಗೆ ಏಳು (ಯಂತ್ರದ ಪ್ರಕಾರ ಒಂಬತ್ತೂವರೆ)

ವಿಷಯ: ಹಾಜರಾತಿ ಪ್ರೋಗ್ರಾಮಿನಲ್ಲಿ ಉದ್ಭವಿಸಿದ ಹೆಚ್ಚುವರಿ ಗಂಟೆಗಳ ವಿಲೇವಾರಿ ಹಾಗೂ ಶ್ರೀ ಕಾಂತಪ್ಪನವರ ರಜೆ.

ಉಲ್ಲೇಖ: ನಲವತ್ತಮೂರು ನೌಕರರೂ ದಿನವೂ ತಡವಾಗಿ ಬಂದಿರುವರೆಂದು ಯಂತ್ರವು ಹೊರಡಿಸಿದ ಪಟ್ಟಿ.

ಲಂಡನ್ನಿನಿಂದ ತರಿಸಲಾದ ಸದರಿ ಪ್ರೋಗ್ರಾಮು, ಆ ಊರಿನ ಪದ್ಧತಿಯಂತೆ, ಬೇಸಿಗೆಯಲ್ಲಿ ತನ್ನ ಗಡಿಯಾರವನ್ನು ತಾನೇ ಒಂದು ಗಂಟೆ ಮುಂದಕ್ಕೆ ಹಾಕಿಕೊಳ್ಳುತ್ತದೆ. ಯಂತ್ರ ನಿರ್ವಾಹಕ ಶ್ರೀ ಕಾಂತಪ್ಪನವರು ಇದನ್ನು ಗಮನಿಸಿ, ತಮ್ಮ ಕೈಗಡಿಯಾರ ನೋಡಿ ಸರಿಪಡಿಸಿರುತ್ತಾರೆ. ಆ ಕೈಗಡಿಯಾರವು ಅವರು ಮುಲ್ಕಿಯಿಂದ ಬಂದ ದಿನದಿಂದಲೂ ಭಾರತದ ಸಮಯದಲ್ಲೇ ಇರುವುದರಿಂದ, ಒಂದು ಗಂಟೆಯ ದೋಷವು ಎರಡೂವರೆ ಗಂಟೆಯಾಗಿ ಅಭಿವೃದ್ಧಿ ಹೊಂದಿದೆ. ಮೂರು ದಿನ ತಡವಾದವರ ರಜೆಯನ್ನು ಯಂತ್ರವೇ ರದ್ದುಪಡಿಸುತ್ತದೆ. ಎರಡು ವರ್ಷಗಳಿಂದ ಊರಿಗೆ ಹೋಗದೆ, ಇದೇ ಗುರುವಾರ ಹೊರಡಬೇಕಿದ್ದ ಶ್ರೀ ಕಾಂತಪ್ಪನವರ ರಜೆಯನ್ನೇ ಅದು ಮೊದಲು ರದ್ದುಪಡಿಸಿದೆ. ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

೧. ಲಂಡನ್ನಿನಲ್ಲಿ ಹೀಗೆ ಗಡಿಯಾರ ಮುಂದೆ ಹಾಕಿ ಬಿಸಿಲನ್ನು ಉಳಿತಾಯ ಮಾಡುವರೆಂದು ತಿಳಿದುಬಂದಿದೆ. ಇಲ್ಲಿ ಉಳಿತಾಯ ಮಾಡಬೇಕಾದದ್ದು ನೆರಳನ್ನು ಮಾತ್ರ. ಬಿಸಿಲು ಬೇಕಾದವರು ಅನುಮತಿ ಇಲ್ಲದೆ ಮನೆಗೆ ಒಯ್ಯಬಹುದು.

೨. ಯಂತ್ರವನ್ನು ಯಾರೂ ಗಂಟೆ ಎಷ್ಟೆಂದು ಕೇಳತಕ್ಕದ್ದಲ್ಲ. ಅದು ತಾನಾಗಿ ಹೇಳಿದರೆ ಕೇಳಿಸಿಕೊಳ್ಳತಕ್ಕದ್ದಲ್ಲ.

೩. ಕಚೇರಿಯ ಚಹಾ ನೋಡಿಕೊಳ್ಳುವ ಶ್ರೀ ಮಮ್ಮಾಲಿಯವರು ಹನ್ನೊಂದು ವರ್ಷಗಳಿಂದ ಏಳು ಗಂಟೆಗೆ ಸರಿಯಾಗಿ ಮೊದಲ ಲೋಟ ಇಡುತ್ತಿರುವುದರಿಂದ, ಇನ್ನು ಮುಂದೆ ಅದನ್ನೇ ಏಳು ಗಂಟೆ ಎಂದು ಪರಿಗಣಿಸಲಾಗುವುದು. ಅವರು ಗೈರುಹಾಜರಾದ ದಿನ ಏಳು ಗಂಟೆ ಆಗತಕ್ಕದ್ದಲ್ಲ.

೪. ತಡವಾದ ಬಗ್ಗೆ ಎಲ್ಲರಿಂದಲೂ ಕ್ಷಮಾಪಣಾ ಪತ್ರ ಪಡೆಯಲಾಗಿದೆ. ಕೆಳಗೆ ಸಹಿ ಮಾಡಿದವರ ಪತ್ರವನ್ನು ಕೆಳಗೆ ಸಹಿ ಮಾಡಿದವರೇ ಪರಿಶೀಲಿಸಿ, ಕಟ್ಟುನಿಟ್ಟಿನ ಎಚ್ಚರಿಕೆ ನೀಡಿ ಬಿಟ್ಟಿರುತ್ತಾರೆ.

೫. ಕೈಗಡಿಯಾರವನ್ನು ಕುವೈತ್ ಸಮಯಕ್ಕೆ ಏಕೆ ತಿರುಗಿಸಿಲ್ಲವೆಂದು ಶ್ರೀ ಕಾಂತಪ್ಪನವರಿಂದ ವಿವರಣೆ ಕೇಳಲಾಗಿತ್ತು. ಅವರ ಉತ್ತರ: "ಇದು ಆಫೀಸಿಗೆ ಅಲ್ಲ ಸರ್. ಮಗಳು ಶಾಲೆ ಬಿಟ್ಟು ಮನೆಗೆ ಬಂದಳಾ ಅಂತ ನೋಡ್ಲಿಕ್ಕೆ." ಕೂಲಂಕಷವಾಗಿ ಪರಿಶೀಲಿಸಲಾಗಿ, ಸದರಿ ಕೈಗಡಿಯಾರದಲ್ಲಿ ಯಾವುದೇ ದೋಷ ಕಂಡುಬಂದಿರುವುದಿಲ್ಲ.

೬. ಅವರ ರಜೆಯನ್ನು ಕೈಬರಹದಲ್ಲಿ ಮಂಜೂರು ಮಾಡಲಾಗಿದೆ. ಯಂತ್ರಕ್ಕೆ ಕೈಬರಹ ಓದಲು ಬಾರದಿರುವುದು ಇದೇ ಮೊದಲ ಬಾರಿ ಅನುಕೂಲವಾಗಿದೆ.

(ಸಹಿ)
ಲಕ್ಷ್ಮೀನರಸಿಂಹ
ವಿಭಾಗಾಧಿಕಾರಿ (ಯಂತ್ರದ ಪ್ರಕಾರ ಇನ್ನೂ ಬಂದಿಲ್ಲ)

ಪ್ರತಿಗಳು:
೧. ಲಂಡನ್ನಿನ ಪೂರೈಕೆದಾರರಿಗೆ: ತಮ್ಮ ಒಂದು ಗಂಟೆಯನ್ನು ಮರಳಿ ಪಡೆಯುವಂತೆ.
೨. ಶ್ರೀ ಮಮ್ಮಾಲಿಯವರಿಗೆ: ಸಕ್ಕರೆಯ ವಿಷಯ ಪ್ರತ್ಯೇಕವಾಗಿ ಬರೆಯಲಾಗುವುದು.
೩. ಗಣಕಯಂತ್ರಕ್ಕೆ: ಅದು ಓದುವ ಕಾರ್ಡಿಗೆ ತೂತು ಹಾಕಿ, ೬ನೇ ಅಂಶ ಬಿಟ್ಟು.
೪. ಕುಮಾರಿ ಮೋಹಿನಿ ಕಾಂತಪ್ಪ, ಎರಡನೇ ತರಗತಿ, ಮುಲ್ಕಿ: ಮುಂದಿನ ಸೋಮವಾರ ಸಂಜೆ ನಾಲ್ಕಕ್ಕೆ, ಅಲ್ಲಿನ ಸಮಯ, ತಂದೆಯವರು ಶಾಲೆಯ ಗೇಟಿನಲ್ಲಿ ಹಾಜರಿರುವರು ಎಂಬ ಮಾಹಿತಿಗಾಗಿ.